ದೇವರ ಮಾತು ಕೇಳುವ ಅಭ್ಯಾಸ: ದಿನನಿತ್ಯದ ಕೆಲಸದ ನಡುವೆ ವಿಧೇಯತೆಯನ್ನು ರೂಢಿಸಿಕೊಳ್ಳುವ ಬಗೆ

ನಮ್ಮ ಕನ್ನಡದಲ್ಲಿ 'ಕೇಳು' ಎಂಬ ಒಂದೇ ಕ್ರಿಯಾಪದ ಮೂರು ಕೆಲಸ ಮಾಡುತ್ತದೆ. ಬೇಕಾದುದನ್ನು ಬೇಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ, ಹೇಳಿದಂತೆ ನಡೆದುಕೊಳ್ಳುವುದೂ ಕೇಳುವುದೇ. 'ನನ್ನ ಮಗ ಯಾರ ಮಾತೂ ಕೇಳುವುದಿಲ್ಲ' ಎಂದು ತಾಯಿಯೊಬ್ಬಳು ದೂರಿದರೆ ಆ ಹುಡುಗನಿಗೆ ಕಿವಿ ಮಂದ ಎಂದು ಯಾರೂ ತಿಳಿಯುವುದಿಲ್ಲ. ಹಳೆಯ ಒಡಂಬಡಿಕೆಯ ಮೂಲಭಾಷೆಯಾದ ಹೀಬ್ರೂವಿನಲ್ಲಿಯೂ ಹೀಗೆಯೇ ಇದೆ. ಅಲ್ಲಿನ 'ಶಮಾ' ಎಂಬ ಶಬ್ದಕ್ಕೆ ಆಲಿಸು ಎಂಬ ಅರ್ಥವೂ ಉಂಟು, ವಿಧೇಯನಾಗು ಎಂಬ ಅರ್ಥವೂ ಉಂಟು. ಕ್ರೈಸ್ತರಾದ ನಮ್ಮ ಮನೆಗಳಲ್ಲಿ ಬೇಡಿ ಕೇಳುವುದಕ್ಕೆ ಕೊರತೆಯಿಲ್ಲ, ಭಾನುವಾರದ ಆರಾಧನೆಯಲ್ಲಿ ಕಿವಿಗೊಟ್ಟು ಕೇಳುವುದೂ ಒಂದಿಷ್ಟು ನಡೆಯುತ್ತದೆ. ಮೂರನೆಯ ಕೇಳುವಿಕೆ ಮಾತ್ರ ಸೋಮವಾರ ಬೆಳಿಗ್ಗೆಯಿಂದ ಶನಿವಾರ ರಾತ್ರಿಯವರೆಗೆ ಕೈಕಾಲುಗಳಿಂದ ನಡೆಯಬೇಕಾದದ್ದು, ಮತ್ತು ಅದಕ್ಕೆ ಅಭ್ಯಾಸ ಬೇಕು. ಆ ಅಭ್ಯಾಸವನ್ನು ಹೇಗೆ ಆರಂಭಿಸಬಹುದು, ಎಲ್ಲೆಲ್ಲಿ ಅದು ಕಷ್ಟವಾಗುತ್ತದೆ ಎಂಬುದನ್ನು ಸಕಲೇಶಪುರ ಸೀಮೆಯ ಕಾಫಿ ತೋಟಗಳಲ್ಲಿ ಮೂವತ್ತು ವರ್ಷ ರೈಟರ್ ಆಗಿ, ಅಂದರೆ ತೋಟದ ಲೆಕ್ಕ ಬರೆಯುವವನಾಗಿ, ದುಡಿದ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ತೋಟದಲ್ಲಿ ಆರು ದಿನ ದುಡಿದವರಿಗೆ ವಾರದ ಕೊನೆಗೆ ಬಟವಾಡೆ ಆಗುತ್ತದೆ. ದುಡಿಯದವರ ಹೆಸರು ಬಟವಾಡೆ ಪುಸ್ತಕದಲ್ಲಿ ಇರುವುದಿಲ್ಲ. ದೇವರ ಬಳಿಯೂ ಹಾಗೆಯೇ ಲೆಕ್ಕ ನಡೆಯುತ್ತದೆ ಎಂದು ಭಾವಿಸಿದವರು ಎರಡರಲ್ಲೊಂದು ಹಳ್ಳಕ್ಕೆ ಬೀಳುತ್ತಾರೆ, ಒಳ್ಳೆಯ ವಾರದಲ್ಲಿ ಗರ್ವಕ್ಕೆ, ಕೆಟ್ಟ ವಾರದಲ್ಲಿ ಹತಾಶೆಗೆ. ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ (2:8-10) ಪೌಲನು ಇಡುವ ಕ್ರಮವನ್ನು ಗಮನಿಸಬೇಕು. ಕೃಪೆಯಿಂದಾದ ರಕ್ಷಣೆ ಮೊದಲು ಬರುತ್ತದೆ. ದೇವರು ಮುಂಚಿತವಾಗಿ ಸಿದ್ಧಮಾಡಿಟ್ಟ ಸತ್ಕ್ರಿಯೆಗಳು ಅದರ ಬೆನ್ನಿಗೆ ಬರುತ್ತವೆ. ಮಗು ತಂದೆಯ ಮಾತು ಕೇಳುವುದು ಆ ಮನೆಯಲ್ಲಿ ತನಗೆ ಜಾಗ ಸಿಗಲಿ ಎಂದಲ್ಲ, ಜಾಗ ಆಗಲೇ ಇದೆ ಎಂಬ ಧೈರ್ಯದಿಂದ. ಇದು ಮನಸ್ಸಿನಲ್ಲಿ ಗಟ್ಟಿಯಾಗದೆ ಮುಂದಿನ ಯಾವ ಕ್ರಮವನ್ನು ಅನುಸರಿಸಿದರೂ ಅದು ಭಾರವೇ ಆಗುತ್ತದೆ.

ಬೆಳಗಿನ ಒಂದು ವಾಕ್ಯ

ಆರಂಭಕ್ಕೆ ಮತ್ತಾಯನ ಸುವಾರ್ತೆಯ 5, 6 ಮತ್ತು 7ನೆಯ ಅಧ್ಯಾಯಗಳನ್ನು ತೆಗೆದುಕೊಳ್ಳಿ. ಯೇಸುಸ್ವಾಮಿಯವರ ಪರ್ವತ ಪ್ರಸಂಗ ಎಂದು ಕರೆಯಲಾಗುವ ಈ ಭಾಗದಲ್ಲಿ ಒಟ್ಟು 111 ವಚನಗಳಿವೆ. ದಿನಕ್ಕೆ ಹತ್ತರಂತೆ ಓದಿದರೆ ಹನ್ನೆರಡನೆಯ ದಿನ ಮುಗಿಯುತ್ತದೆ, ಹೆಚ್ಚು ಓದುವ ಅವಸರ ಬೇಡ. ಬೆಳಿಗ್ಗೆ ಒಲೆ ಹಚ್ಚುವ ಮುನ್ನವೋ, ತೋಟದ ಹಾಜರಿಗೆ ಹೊರಡುವ ಮುನ್ನವೋ, ಬಸ್ಸು ಹಿಡಿಯುವ ಮುನ್ನವೋ ನಿಮಗೆ ಒಗ್ಗುವ ಹದಿನೈದು ನಿಮಿಷವನ್ನು ಗೊತ್ತುಮಾಡಿಕೊಂಡು, ಆ ಹತ್ತು ವಚನಗಳನ್ನು ತುಟಿಯಾಡಿಸಿ ಎರಡು ಸಲ ಓದಿ. ಕಣ್ಣಿನಲ್ಲಿ ಓದಿದ್ದು ಜಾರಿಹೋಗುವಷ್ಟು ಸುಲಭವಾಗಿ ಬಾಯಿಂದ ಓದಿ ಕಿವಿಗೆ ಬಿದ್ದದ್ದು ಜಾರುವುದಿಲ್ಲ.

ಓದಿದ ಮೇಲೆ ಒಂದು ಸಣ್ಣ ಪುಸ್ತಕದಲ್ಲಿ ಒಂದೇ ವಾಕ್ಯ ಬರೆಯಿರಿ. ಆ ವಾಕ್ಯದಲ್ಲಿ ಯಾರಿಗೆ, ಏನು, ಎಷ್ಟು ಹೊತ್ತಿನೊಳಗೆ ಎಂಬ ಮೂರೂ ಇರಬೇಕು, ಮತ್ತು ಅದು ಆ ದಿನ ಮಲಗುವುದರೊಳಗೆ ಮಾಡಿ ಮುಗಿಸಬಹುದಾದ ಕೆಲಸವಾಗಿರಬೇಕು. 'ನಾನು ಎಲ್ಲರನ್ನೂ ಪ್ರೀತಿಸಬೇಕು' ಎಂದು ಬರೆದರೆ ಸಂಜೆಗೆ ಅದನ್ನು ಮಾಡಿದಿರೋ ಇಲ್ಲವೋ ಎಂದು ನಿಮಗೇ ತಿಳಿಯುವುದಿಲ್ಲ. 'ಆಸ್ಪತ್ರೆಯಿಂದ ಬಂದಿರುವ ಚಿಕ್ಕಮ್ಮನ ಮನೆಗೆ ಸಂಜೆ ಆರರೊಳಗೆ ಹೋಗಿ ಗಂಜಿ ಕೊಟ್ಟು ಬರಬೇಕು' ಎಂದು ಬರೆದರೆ ಸಂಜೆ ಏಳಕ್ಕೆ ಉತ್ತರ ಸ್ಪಷ್ಟವಾಗಿರುತ್ತದೆ. ಯಾಕೋಬನು ತನ್ನ ಪತ್ರದಲ್ಲಿ (1:23-24) ವಾಕ್ಯವನ್ನು ಕೇಳಿ ಅದರಂತೆ ನಡೆಯದವನನ್ನು ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ ತಾನು ಹೇಗಿದ್ದೇನೆಂಬುದನ್ನು ಕೂಡಲೇ ಮರೆತುಬಿಡುವ ಮನುಷ್ಯನಿಗೆ ಹೋಲಿಸುತ್ತಾನೆ. ಕನ್ನಡಿಯ ಮುಂದಿನಿಂದ ಎದ್ದು ಹೋಗುವ ಮೊದಲು ಬರೆದಿಟ್ಟುಕೊಳ್ಳುವ ಗುರುತು ಈ ಒಂದು ವಾಕ್ಯ.

ಬರೆದ ಕೆಲಸ ತೀರ ಚಿಕ್ಕದೆನಿಸಿದರೆ ಅದನ್ನು ಬದಲಿಸಬೇಡಿ. ಎರಡನೆಯ ಅರಸುಗಳ ಪುಸ್ತಕದ ಐದನೆಯ ಅಧ್ಯಾಯದಲ್ಲಿ ಸೇನಾಪತಿ ನಾಮಾನನಿಗೆ ಕುಷ್ಠ ವಾಸಿಯಾಗಲು ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಏಳುವಂತೆ ಪ್ರವಾದಿ ಎಲೀಷನು ಹೇಳಿಕಳುಹಿಸಿದಾಗ, ಇಷ್ಟೇ ಏನು ಎಂದು ಅವನಿಗೆ ಸಿಟ್ಟು ಬಂತು. ದೊಡ್ಡ ಕೆಲಸವನ್ನೇನಾದರೂ ಹೇಳಿದ್ದರೆ ನೀವು ಮಾಡುತ್ತಿರಲಿಲ್ಲವೇ ಎಂದು ಅವನ ಸೇವಕರೇ ಕೇಳಬೇಕಾಯಿತು. ನಮ್ಮ ಜಿಲ್ಲೆಯಲ್ಲಿಯೂ ನೆನೆಯಬಹುದಾದ ಉದಾಹರಣೆಯಿದೆ. ಫ್ರಾನ್ಸಿನಿಂದ ಬಂದು 1792ರಿಂದ 1823ರವರೆಗೆ ಭಾರತದಲ್ಲಿದ್ದ ಅಬ್ಬೆ ದುಬುವಾ ಎಂಬ ಪಾದ್ರಿಗಳು ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕುಟುಂಬಗಳಿಗೆ ಬೇಸಾಯದ ನೆಲೆ ಕಟ್ಟಿಕೊಟ್ಟರು, ಮೈಸೂರು ಸೀಮೆಯಲ್ಲಿ ಸಿಡುಬಿನ ವಿರುದ್ಧ ದೇವಿ ಹಾಕಿಸುವುದಕ್ಕೆ, ಅಂದರೆ ಲಸಿಕೆ ಚುಚ್ಚಿಸುವುದಕ್ಕೆ, ಶ್ರಮಿಸಿದರು. ದೂರದಿಂದ ನೋಡಿದರೆ ಅದು ಚರಿತ್ರೆಯ ಸಂಗತಿ. ಹತ್ತಿರ ಹೋಗಿ ನೋಡಿದರೆ ಹೆದರಿದ ಒಂದೊಂದು ತಾಯಿಗೆ ಸಮಾಧಾನ ಹೇಳಿ, ಒಂದೊಂದು ಮಗುವಿನ ತೋಳು ಹಿಡಿದು ಹಾಕಿದ ಒಂದೊಂದು ಚುಚ್ಚು.

ತಕ್ಕಡಿ, ಕೂಲಿ, ಲೆಕ್ಕ

ವಿಧೇಯತೆಯ ಅಭ್ಯಾಸ ನಿಜವಾಗಿಯೂ ಬೇರೂರಿದೆಯೇ ಎಂದು ತಿಳಿಯಬೇಕಾದರೆ ಹಣದ ಲೆಕ್ಕವನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರಾರ್ಥನೆಯಲ್ಲಿ ಕಣ್ಣೀರಿಡುವುದಕ್ಕಿಂತ ಕಿಲೋ ಲೆಕ್ಕವನ್ನು ಸರಿಮಾಡುವುದು ನನಗೆ ಹೆಚ್ಚು ಕಷ್ಟವಾಯಿತು, ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಕುಯ್ಲಿನ ದಿನಗಳಲ್ಲಿ ಸಂಜೆ ನಾಲ್ಕೂವರೆಗೆ ತೂಕ ಆರಂಭವಾಗುತ್ತಿತ್ತು. ಮರದ ಕೊಂಬೆಗೆ ತೂಗುಹಾಕಿದ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಒಬ್ಬೊಬ್ಬರ ಚೀಲವನ್ನು ಸಿಕ್ಕಿಸಿ, ಮುಳ್ಳು ನಿಂತ ಕಡೆ ಓದಿ, ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಹಣ್ಣಿನ ಅಂಟಿಗೆ ಕಪ್ಪಾದ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತ ಹೆಂಗಸರು ಸಾಲಾಗಿ ನಿಂತಿರುತ್ತಿದ್ದರು. ಮುಳ್ಳು 43 ತೋರಿಸಿದರೆ ನಾನು 42 ಎಂದು ಬರೆಯುತ್ತಿದ್ದೆ. ಕಳೆದ ಒಂದು ಕಿಲೋ ಚೀಲದ ತೂಕ. ನನಗಿಂತ ಮೊದಲಿದ್ದ ರೈಟರೂ ಹಾಗೆಯೇ ಬರೆಯುತ್ತಿದ್ದರು, ಮತ್ತು ಅವರ ಕಾಲದಲ್ಲಿ ಅದು ಹೆಚ್ಚುಕಡಿಮೆ ನ್ಯಾಯವೇ ಆಗಿತ್ತು, ಏಕೆಂದರೆ ಮಂಜಿಗೆ ನೆನೆದ ಗೋಣಿಚೀಲ ಒಂದು ಕಿಲೋದ ಹತ್ತಿರಕ್ಕೆ ತೂಗುತ್ತಿತ್ತು. ನನ್ನ ಕಾಲಕ್ಕೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳು ಬಂದಿದ್ದವು. ಒಂದು ಸಂಜೆ ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ಜಗಳದ ದನಿಯಿಲ್ಲದೆ, 'ಚೀಲ ಬದಲಾದ್ರೂ ಲೆಕ್ಕ ಬದಲಾಗ್ಲಿಲ್ವಲ್ಲ ರೈಟ್ರೇ' ಎಂದರು. 'ಸುಮ್ನಿರಕ್ಕ, ಟ್ರ್ಯಾಕ್ಟರ್ ಕಾಯ್ತಿದೆ' ಎಂದು ನಾನು ಮುಂದಿನ ಚೀಲವನ್ನು ಕೊಕ್ಕೆಗೆ ಹಾಕಿದೆ.

ಅದಾದ ಕೆಲವೇ ದಿನಗಳಲ್ಲಿ ನನ್ನ ಬೆಳಗಿನ ಓದಿನಲ್ಲಿ ಯಾಜಕಕಾಂಡದ 19ನೆಯ ಅಧ್ಯಾಯ ಬಂತು. ತೂಕದಲ್ಲಿಯಾಗಲಿ ಅಳತೆಯಲ್ಲಿಯಾಗಲಿ ಅನ್ಯಾಯ ಮಾಡಬಾರದು, ನ್ಯಾಯವಾದ ತಕ್ಕಡಿ ಇರಬೇಕು ಎಂದು ಅಲ್ಲಿ (19:35-36) ದೇವರು ನೇರವಾಗಿ ಹೇಳಿದ್ದಾರೆ. ಆ ಸಂಜೆ ಎಲ್ಲರೂ ಹೋದ ಮೇಲೆ ಹತ್ತು ಖಾಲಿ ಚೀಲಗಳನ್ನು ಒಟ್ಟಿಗೆ ಕಟ್ಟಿ ತೂಗಿದೆ. ಒಂದೂವರೆ ಕಿಲೋ ಬಂತು. ಅಂದರೆ ಒಂದು ಚೀಲ 150 ಗ್ರಾಂ, ಮತ್ತು ಪ್ರತಿ ಚೀಲಕ್ಕೆ 850 ಗ್ರಾಂ ಹಣ್ಣು ಕೂಲಿಯಿಲ್ಲದೆ ತೋಟದ ಪಾಲಾಗುತ್ತಿತ್ತು. ದಿನಕ್ಕೆ ಎರಡು ಚೀಲದಂತೆ ಐವತ್ತು ದಿನದ ಕುಯ್ಲಿಗೆ ಒಬ್ಬೊಬ್ಬರಿಂದ 85 ಕಿಲೋ ಆಗುತ್ತದೆ. ಅದು ಒಬ್ಬ ಹೆಂಗಸಿನ ಒಂದು ದಿನದ ಪೂರ್ತಿ ದುಡಿಮೆ. ಅದೇ ವರ್ಷ ಸುಗ್ಗಿಯ ಆರಾಧನೆಗೆ ನನ್ನ ಸ್ವಂತ ಎರಡೆಕರೆಯ ಕಾಫಿಯಲ್ಲಿ ಒಂದು ಚೀಲವನ್ನು ನಾನು ಸಭೆಗೆ ಅರ್ಪಿಸಿದ್ದೆ. ಅರಸ ಸೌಲನು ಉಳಿಸಬಾರದ ಕುರಿಗಳನ್ನು ಯಜ್ಞದ ನೆವದಲ್ಲಿ ಉಳಿಸಿಕೊಂಡು, ದೇವರ ಆಜ್ಞೆಯನ್ನು ನೆರವೇರಿಸಿದ್ದೇನೆ ಎಂದು ಹೇಳಿದಾಗ, ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗೇನು ಎಂದು ಪ್ರವಾದಿ ಸಮುವೇಲನು ಕೇಳಿದ ಪ್ರಶ್ನೆ (1 ಸಮುವೇಲ 15) ಆ ರಾತ್ರಿ ನನಗೆ ನಿದ್ರೆ ಕೊಡಲಿಲ್ಲ.

ಇಂಥ ಸಂದರ್ಭದಲ್ಲಿ ನೌಕರನಾದವನು ಏನು ಮಾಡಬೇಕು? ನಾನು ಮಾಡಿದ್ದನ್ನೂ, ಮಾಡಬೇಕಾಗಿದ್ದು ಮಾಡದೆ ಬಿಟ್ಟದ್ದನ್ನೂ ಸೇರಿಸಿ ಹೇಳುವುದಾದರೆ, ಮೊದಲು ಸಂಗತಿಯನ್ನು ಅಂಕಿಗಳಲ್ಲಿ ಖಚಿತಪಡಿಸಿಕೊಳ್ಳಬೇಕು, ಊಹೆಯ ಮೇಲೆ ಯಾರ ಮೇಲೂ ಆರೋಪ ಹೊರಿಸಬಾರದು. ಆಮೇಲೆ ಯಜಮಾನರನ್ನು ಒಬ್ಬರೇ ಇರುವಾಗ ಕಂಡು, 'ನೀವು ಮಾಡಿಸಿದಿರಿ' ಎಂಬಲ್ಲಿಂದ ತೊಡಗದೆ 'ನಾನು ಹೀಗೆ ಬರೆಯುತ್ತಾ ಬಂದಿದ್ದೇನೆ, ಇನ್ನು ಬರೆಯಲಾರೆ' ಎಂಬಲ್ಲಿಂದ ತೊಡಗಬೇಕು, ಏಕೆಂದರೆ ಪೆನ್ನು ಹಿಡಿದ ಕೈ ನಮ್ಮದೇ. ಪರಿಹಾರವನ್ನೂ ಜೊತೆಯಲ್ಲಿ ಒಯ್ಯಬೇಕು. ನಾನು ಹತ್ತು ಚೀಲಗಳ ಕಟ್ಟನ್ನು ಒಯ್ದು, ಹತ್ತು ಚೀಲಕ್ಕೆ ಒಂದೂವರೆ ಕಿಲೋ ಕಳೆಯೋಣ ಎಂದೆ. 'ಎಲ್ಲಾ ತೋಟದಲ್ಲೂ ಹೀಗೇ ಅಲ್ವೇನಯ್ಯ' ಎಂದು ಅವರು ಸಿಡುಕಿದರು, ಒಂದು ವಾರ ನನ್ನೊಡನೆ ಮಾತಾಡಲಿಲ್ಲ, ಎಂಟನೆಯ ದಿನ ಒಪ್ಪಿದರು. ಒಪ್ಪದೆಯೂ ಇರಬಹುದಿತ್ತು. ಕೆಲಸ ಹೋದರೆ ಏನು ಮಾಡುವುದೆಂದು ಹೆಂಡತಿಯೊಡನೆ ಮೊದಲೇ ಕೂತು ಮಾತಾಡಿದ್ದೆ. ಮನೆಯವರ ಅನ್ನಕ್ಕೆ ಸಂಬಂಧಪಟ್ಟ ವಿಧೇಯತೆಯನ್ನು ಮನೆಯವರಿಗೆ ತಿಳಿಸದೆ ಮಾಡುವುದು ಸರಿಯಲ್ಲ.

ಕೂಲಿ ಕೊಡುವ ಸ್ಥಾನದಲ್ಲಿರುವವರಿಗೆ ಧರ್ಮೋಪದೇಶಕಾಂಡ 24:15ರ ಮಾತು ಸಾಕು: ಆ ದಿನದ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು, ಏಕೆಂದರೆ ಅವನು ಬಡವನು, ಅದರ ಮೇಲೆಯೇ ಮನಸ್ಸಿಟ್ಟಿರುತ್ತಾನೆ. ಮನೆಗೆಲಸಕ್ಕೆ ಬರುವ ಅಕ್ಕನ ಸಂಬಳ, ಮೆಣಸು ಕುಯ್ಯಲು ಮರ ಹತ್ತಿದವರ ಕೂಲಿ, ಹೊಲಿಗೆಯವರ ಬಾಕಿ, ಇವುಗಳಲ್ಲಿ ಯಾವುದು ನಿಮ್ಮ ಕೈಯಲ್ಲಿ ಉಳಿದಿದೆಯೋ ಅದನ್ನು ಇವತ್ತು ಸಂಜೆಯೊಳಗೆ ಮುಟ್ಟಿಸಿ.

ಮುರಿದ ಸಂಬಂಧದ ಬಾಗಿಲಿಗೆ ಹೋಗುವುದು

ಕಾಣಿಕೆಯನ್ನು ಯಜ್ಞವೇದಿಯ ಬಳಿಗೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿಮ್ಮ ಮೇಲೆ ದೂರಿದೆ ಎಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಸಮಾಧಾನ ಮಾಡಿಕೊಳ್ಳಿರಿ ಎಂದು ಯೇಸುಸ್ವಾಮಿಯವರು ಹೇಳಿದ್ದಾರೆ (ಮತ್ತಾಯ 5:23-24). ಮಲೆನಾಡಿನಲ್ಲಿ ಅಣ್ಣತಮ್ಮಂದಿರ ದೂರುಗಳಲ್ಲಿ ಬಹುಪಾಲು ಹಿಸ್ಸೆ, ಬೇಲಿ, ದಾರಿ, ನೀರು ಈ ನಾಲ್ಕರಲ್ಲೊಂದು. ಕಾಗದಪತ್ರದ ಇತ್ಯರ್ಥ ಬೇರೆ, ಮನಸ್ಸಿನ ಇತ್ಯರ್ಥ ಬೇರೆ. ಮೊದಲನೆಯದು ಮುಗಿಯಲಿ ಎಂದು ಎರಡನೆಯದನ್ನು ತಡೆಹಿಡಿದವರು ಎರಡನ್ನೂ ಮಕ್ಕಳಿಗೆ ಬಿಟ್ಟು ಹೋಗಿರುವುದನ್ನು ನೋಡಿದ್ದೇನೆ.

ಹೋಗುವಾಗ ಫೋನಿನಲ್ಲಿ ಮುಗಿಸದೆ ಕಾಲ್ನಡೆಯಲ್ಲಾದರೂ ಸರಿ, ಖುದ್ದಾಗಿ ಹೋಗಿ. ನಿಮ್ಮ ಕಡೆಯಿಂದಾದ ತಪ್ಪನ್ನು ಹೆಸರಿಟ್ಟು ಹೇಳಿ: 'ಅಣ್ಣ, ಅಪ್ಪನ ತಿಥಿಯ ದಿನ ಎಲ್ಲರ ಎದುರು ನಿಮ್ಮನ್ನು ಕಳ್ಳ ಎಂದೆ, ಅದು ತಪ್ಪು, ಕ್ಷಮಿಸಿ.' ಅಷ್ಟಕ್ಕೆ ನಿಲ್ಲಿಸಿ. 'ಆದರೆ ನೀವೂ...' ಎಂಬ ಮುಂದಿನ ಮಾತು ಬಾಯಿಗೆ ಬರುತ್ತದೆ, ಅದನ್ನು ನುಂಗಿಕೊಳ್ಳುವುದೇ ಆ ದಿನದ ವಿಧೇಯತೆ. ಅವರು ಬಾಗಿಲು ತೆರೆಯದಿದ್ದರೆ, ಮತ್ತೆ ಬರುತ್ತೇನೆ ಎಂದು ಹೇಳಿ ಹಿಂದಿರುಗಿ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹೊಡೆತ ತಿಂದು ಮನೆ ಬಿಟ್ಟು ಬಂದ ಹೆಣ್ಣುಮಗಳಿಗೆ ಈ ವಚನವನ್ನು ತೋರಿಸಿ, ಒಬ್ಬಳೇ ಹಿಂದಕ್ಕೆ ಹೋಗು ಎಂದು ಹೇಳುವುದು ವಾಕ್ಯದ ದುರುಪಯೋಗ. ಕ್ಷಮಿಸುವುದಕ್ಕೆ ಹೊಡೆಯುವ ಕೈಯ ಎದುರು ಹೋಗಿ ನಿಲ್ಲಬೇಕಾಗಿಲ್ಲ. ಅಲ್ಲಿ ಸಮಾಧಾನದ ಮೊದಲ ಹೆಜ್ಜೆಯನ್ನು ಇಡಬೇಕಾದವನು ಹೊಡೆದವನು. ಗಂಡನಿಗೆ ಹೆಂಡತಿ ಅಧೀನಳಾಗಿರಬೇಕೆಂಬ ವಚನವನ್ನು ಬಾಯಿಪಾಠ ಮಾಡಿರುವ ಗಂಡಸರು ಅದರ ಹಿಂದಿನ ವಚನವನ್ನು (ಎಫೆಸ 5:21) ಒಮ್ಮೆ ಓದಲಿ. ಒಬ್ಬರಿಗೊಬ್ಬರು ಅಧೀನರಾಗಿರಿ ಎಂದು ಅಲ್ಲಿದೆ.

ಯಾರ ಮಾತು ದೇವರ ಮಾತು?

'ದೇವರು ನಿನಗೆ ಹೀಗೆ ಹೇಳು ಎಂದು ನನಗೆ ತಿಳಿಸಿದರು' ಎನ್ನುವವರು ಹೆಚ್ಚುತ್ತಿರುವ ಕಾಲವಿದು. ಸಭಾಪಾಲಕರನ್ನು ಗೌರವಿಸಬೇಕು, ಅವರ ಬುದ್ಧಿವಾದವನ್ನು ಆಲಿಸಬೇಕು. ಆದರೆ ಅವರಿಗೆ ವಿಧೇಯರಾಗುವುದೂ ದೇವರಿಗೆ ವಿಧೇಯರಾಗುವುದೂ ಒಂದೇ ಅಲ್ಲ. ಹೇಳಿದ ಮಾತು ಹಣವನ್ನು ಗುಟ್ಟಾಗಿ ಕೇಳುತ್ತಿದ್ದರೆ, ಮಾತ್ರೆ ನಿಲ್ಲಿಸು ಎನ್ನುತ್ತಿದ್ದರೆ, ವಯಸ್ಸಾದ ತಂದೆತಾಯಿಯನ್ನು ಕೈಬಿಡಲು ನೆವ ಕೊಡುತ್ತಿದ್ದರೆ ಅಂಥ ಮಾತನ್ನು ಅಲ್ಲಿಯೇ ತಡೆಯಿರಿ. ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಗೆ ಕೊಡಬೇಕಾದದ್ದನ್ನು ತಪ್ಪಿಸಿದವರನ್ನು ಯೇಸುಸ್ವಾಮಿಯವರು ಖಂಡಿಸಿದ್ದು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿದೆ. ನಿಜವಾಗಿಯೂ ದಾರಿ ತಿಳಿಯದಿರುವ ವಿಷಯಗಳಲ್ಲಿ, ಅಂದರೆ ಮದುವೆ, ಸಾಲ, ಊರು ಬಿಡುವುದು ಇಂಥವುಗಳಲ್ಲಿ, ನಿಮ್ಮಿಂದ ಏನನ್ನೂ ಪಡೆಯಬೇಕಾಗಿಲ್ಲದ ಇಬ್ಬರು ಹಿರಿಯರನ್ನು ವಿಚಾರಿಸಿ, ಈ ನಿರ್ಧಾರದಿಂದ ನನಗಿಂತ ದುರ್ಬಲರಾದ ಯಾರಿಗೆ ಪೆಟ್ಟು ಬೀಳುತ್ತದೆ ಎಂದು ಯೋಚಿಸಿ, ಕಾಯಬಹುದಾದಷ್ಟು ಕಾಯಿರಿ. ಕಾಯುವ ದಿನಗಳಲ್ಲಿ ತಿಳಿದಿರುವ ಸಣ್ಣ ಕೆಲಸಗಳನ್ನು ನಿಲ್ಲಿಸಬೇಡಿ.

ಭಾನುವಾರದ ಪ್ರಶ್ನೆ ಕುಯ್ಲಿನ ಕಾಲದಲ್ಲಿ ಪ್ರತಿ ವರ್ಷ ಏಳುತ್ತದೆ. ಕಣದಲ್ಲಿ ಕಾಫಿ ಹರಡಿರುವಾಗ ಮೋಡ ಕವಿದರೆ ಆರಾಧನೆಯ ನಡುವೆಯೇ ಎದ್ದುಹೋಗಿ ಟಾರ್ಪಾಲು ಮುಚ್ಚುವುದರಲ್ಲಿ ತಪ್ಪಿಲ್ಲ, ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನದಲ್ಲಿಯೂ ಮೇಲಕ್ಕೆತ್ತುತ್ತೀರಲ್ಲವೇ ಎಂದು ಲೂಕನ ಸುವಾರ್ತೆಯಲ್ಲಿದೆ (14:5). ತಾನು ಆರಾಧನೆಗೆ ಹೋಗಿ, ಆಳುಗಳಿಗೆ ಮಾತ್ರ ಏಳೂ ದಿನ ಬಿಡುವಿಲ್ಲದಂತೆ ಕೆಲಸ ಹಚ್ಚುವುದು ತಪ್ಪು. ವಿಮೋಚನಕಾಂಡದ ಆಜ್ಞೆಯಲ್ಲಿ (20:10) ಆಳಿಗೂ ಪಶುಗಳಿಗೂ ವಿಶ್ರಾಂತಿಯಿದೆ.

ರಾತ್ರಿಯ ಲೆಕ್ಕ

ಕಾಫಿ ಬೆಳೆದವರಿಗೆ ಗೊತ್ತಿರುವಂತೆ, ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಆದರೆ ಅದರ ಹಿಂದೆ ಬ್ಯಾಕಿಂಗ್ ಮಳೆ ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ಬೆಳಗಿನ ವಾಕ್ಯಕ್ಕೆ ರಾತ್ರಿಯ ಹತ್ತು ನಿಮಿಷ ಅಂಥ ಎರಡನೆಯ ಮಳೆ. ಪುಸ್ತಕ ತೆರೆದು, ಬರೆದದ್ದನ್ನು ಮಾಡಿದ್ದರೆ ಅದರ ಮುಂದೆ ಒಂದು ಗೆರೆ ಎಳೆದು ದೇವರಿಗೆ ಕೃತಜ್ಞತೆ ಹೇಳಿ. ಮಾಡದಿದ್ದರೆ ಕಾರಣವನ್ನು ಬರೆಯಿರಿ: ಮರೆತೆ, ಹೆದರಿದೆ, ಮನಸ್ಸಿರಲಿಲ್ಲ. ಮರೆತಿದ್ದರೆ ನಾಳೆ ಮತ್ತೆ ಅದೇ ವಾಕ್ಯ ಬರೆಯಿರಿ. ಹೆದರಿದ್ದರೆ ಒಬ್ಬ ನಂಬಿಗಸ್ತ ಸ್ನೇಹಿತನಿಗೆ ಹೇಳಿ, ಬೇಕಾದರೆ ಜೊತೆಗೆ ಕರೆದುಕೊಂಡು ಹೋಗಿ. ಮನಸ್ಸಿರಲಿಲ್ಲ ಎಂದಾದರೆ ಅದನ್ನೇ ದೇವರಿಗೆ ಹೇಳಿ. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯವರು ಈ ಪಾತ್ರೆ ನನ್ನಿಂದ ತೊಲಗಲಿ ಎಂದು ತಮ್ಮ ಮನಸ್ಸನ್ನು ಮೊದಲು ಬಿಚ್ಚಿಟ್ಟರು, ಆಮೇಲೆಯೇ ನಿನ್ನ ಚಿತ್ತದಂತಾಗಲಿ ಎಂದರು. ತನ್ನ ಗುರುವನ್ನೇ ಮೂರು ಸಲ ಅಲ್ಲಗಳೆದ ಪೇತ್ರನಿಗೆ ಸಮುದ್ರದ ದಡದಲ್ಲಿ ಮತ್ತೆ ಸಿಕ್ಕಿದ್ದು ಬೈಗುಳವಲ್ಲ, ಕೆಂಡದ ಮೇಲಿನ ಮೀನು, ರೊಟ್ಟಿ ಮತ್ತು ಕುರಿಗಳನ್ನು ಮೇಯಿಸುವ ಕೆಲಸ.

ಕೆಲವು ವಾಕ್ಯಗಳಿಗೆ ಗೆರೆ ಎಳೆಯಲು ವರ್ಷಗಳೇ ಬೇಕಾಗುತ್ತವೆ. ಸುವಾರ್ತೆಯ ಸುಂಕವಸೂಲಿಗಾರ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಆ ಶಕ್ತಿ ನನಗಿರಲಿಲ್ಲ, ಹಳೆಯ ಬಾಕಿಗೆ ಯಜಮಾನರು ಒಪ್ಪಲೂ ಇಲ್ಲ. ಆಗಿನ ದರದಲ್ಲಿ ಕಿಲೋಗೆ 3 ರೂಪಾಯಿಯಂತೆ ಒಬ್ಬೊಬ್ಬರಿಗೆ 255 ರೂಪಾಯಿ, ಕೊನೆಯ ಒಂದು ಕುಯ್ಲಿನದ್ದನ್ನಾದರೂ, ನನ್ನ ಸಂಬಳದಿಂದ ಎರಡು ವರ್ಷದಲ್ಲಿ ಕೊಟ್ಟು ಮುಗಿಸಬೇಕೆಂದು ಬರೆದುಕೊಂಡೆ. ತೋಟದ ಆಳುಗಳ ಲೈನ್ ಮನೆಯಲ್ಲಿದ್ದವರಿಗೆ ಕೊಡುವುದು ಸುಲಭವಾಯಿತು. ಬಯಲುಸೀಮೆಯಿಂದ ಬಂದು ಹೋದ ಒಂಬತ್ತು ಜನ ಆಮೇಲೆ ಎಲ್ಲಿಗೆ ಹೋದರೆಂದು ತಿಳಿಯಲಿಲ್ಲ, ಅವರ ಹೆಸರುಗಳನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ. ನಾಲ್ಕನೆಯ ವರ್ಷದ ಕುಯ್ಲಿಗೆ ಅವರಲ್ಲಿ ಒಬ್ಬಾಕೆ ಬಂದಿದ್ದಳು. ದುಡ್ಡು ಕೈಗಿಟ್ಟಾಗ, 'ಇದು ಯಾವುದ್ರ ದುಡ್ಡಣ್ಣ?' ಎಂದಳು. ಚೀಲದ ವಿಷಯ ಹೇಳಿದೆ. ನಿಧಾನವಾಗಿ ಎಣಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, 'ಹಂಗಾದ್ರೆ ನನ್ನ ತಂಗೀದೂ ಐತಲ್ಲ' ಎಂದಳು. ಪುಸ್ತಕ ತೆರೆದು ನೋಡಿದೆ. ಆ ಹೆಸರು ಎರಡನೆಯ ಸಾಲಿನಲ್ಲಿತ್ತು.